ಕಿವಿಯೊಳಗಿನ ಎಣಿಕೆ

ಮಾರ್ಚ್ 3, ಬೆಳಿಗ್ಗೆ 11
ರಿಹರ್ಸಲ್. ಗಂಟಲು ಪರವಾಗಿಲ್ಲ. ಎರಡನೇ ಹಾಡು ಸ್ವಲ್ಪ ಬೇಗ ಎತ್ತಿಕೊಂಡೆ. ತಪ್ಪು ನನ್ನದೇ, ಅಣ್ಣನ ಎಣಿಕೆ ಎಂದೂ ತಪ್ಪಿದ್ದಿಲ್ಲ. ಡ್ರಮ್ಸ್ ಮುಂದೆ ಕೂತು ಪ್ರತಿ ಹಾಡು ಶುರುವಾಗುವ ಮುಂಚಿನ ಎಣಿಕೆಯನ್ನು ರೆಕಾರ್ಡ್ ಮಾಡಿಟ್ಟಿದ್ದ — "ಒಂದು, ಎರಡು, ಮೂರು, ಹೋಗೋಣ." ನಾಲ್ಕು ಎನ್ನುವ ಅಭ್ಯಾಸವೇ ಇರಲಿಲ್ಲ ಪುಣ್ಯಾತ್ಮನಿಗೆ. ನಮ್ಮ ಇಯರ್‌ಪೀಸ್‌ನಲ್ಲಿ ಮಾತ್ರ ಬರುತ್ತದೆ, ಜನಕ್ಕೆ ಕೇಳಿಸದು. ಅವನು ತಾನಾಗಿಯೇ ಜೀವ ಕಳೆದುಕೊಂಡು ಹದಿನಾಲ್ಕು ತಿಂಗಳು.

ಮಾರ್ಚ್ 9
ಕಾಲೇಜಿನಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ನನ್ನ ಭಾಷಣ, ಆಮೇಲೆ ಮೂರು ಹಾಡು. ಅತ್ತಿಗೆ ಕಾರು ಓಡಿಸಿದರು. ಅಣ್ಣ ಹೋದ ಮೇಲೆ ಶೋ ಡೇಟು, ಫೋನು, ನಾನು — ಎಲ್ಲ ಅವರದೇ ಪಾಲು.
"ಮನಸ್ಸಿಗೆ ಹುಷಾರಿಲ್ಲ ಅನ್ನೋದು ಜ್ವರ ಬಂದಷ್ಟೇ ಸಹಜ. ಒಬ್ಬರಿಗಾದ್ರೂ ಬಾಯಿ ಬಿಟ್ಟು ಹೇಳಿ."
ಚಪ್ಪಾಳೆ. ಒಬ್ಬ ಹುಡುಗಿ ಕೈ ಹಿಡಿದು ಅತ್ತಳು. ನಾನೂ ಅತ್ತೆ. ಅಣ್ಣ ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

ಮಾರ್ಚ್ 10
ಅಣ್ಣನ ಧ್ವನಿ ಉಳಿಸಿಕೊಂಡಿದ್ದಕ್ಕೆ ಸೌಂಡ್ ಇಂಜಿನಿಯರ್‌ಗೆ ಥ್ಯಾಂಕ್ಸ್ ಹೇಳಿದೆ. ಕೇಬಲ್ ಸುತ್ತುವುದನ್ನು ನಿಲ್ಲಿಸಿದರು.
"ಅದನ್ನ ತೆಗೆದು ಎರಡು ತಿಂಗಳಾಯ್ತಲ್ಲ ಮೇಡಂ. ನಿಮ್ಮ ಅತ್ತಿಗೆನೇ ಹೇಳಿದ್ರು, ನಿಮಗೆ ಕಷ್ಟ ಆಗುತ್ತೆ ಅಂತ. ಈಗ ಬರೀ ಟಿಕ್ ಟಿಕ್."
ನಕ್ಕೆ. ತಮಾಷೆ ಮಾಡಿದೆ ಎಂದೆ. ಆದರೆ ನಿನ್ನೆ ಕಾಲೇಜಿನಲ್ಲೂ ನನ್ನ ಕಿವಿಗೆ ಬಂದದ್ದು ಅಣ್ಣನ ಎಣಿಕೆಯೇ.

ಮಾರ್ಚ್ 28
ಬರೆಯಲಾಗಲಿಲ್ಲ. ಈಗ ಇಯರ್‌ಪೀಸೂ ಬೇಕಿಲ್ಲ. ಹಲ್ಲುಜ್ಜುವಾಗ, ಪಾತ್ರೆ ತೊಳೆಯುವಾಗ... ಇವತ್ತು ಸಿಗ್ನಲ್‌ನಲ್ಲಿ. ಒಂದು, ಎರಡು, ಮೂರು — ಕಾಲು ತಾನೇ ಮುಂದೆ ಹೋಯಿತು. ಯಾರೋ ತೋಳು ಹಿಡಿದೆಳೆದರು. "ಕಣ್ಣು ಕಾಣಲ್ವೇನ್ರೀ?" ಕಣ್ಣೇನೋ ಕಾಣುತ್ತದೆ.
ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ — ಅಂದರೆ ನಾನೇ. ಊರಿಗೆಲ್ಲ ಹೇಳಿ ಹೇಳಿ ಎನ್ನುವ ಬಾಯಿಗೆ ಬೀಗ. ಇವಳಿಗೇ ತಲೆ ಕೆಟ್ಟಿದೆ ಎಂದಾರು. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಮಾತ್ರೆ ತೆಗೆದುಕೊಂಡರೆ ಅಣ್ಣನ ಧ್ವನಿಯೂ ಹೋಗಿಬಿಡುತ್ತದೆ.

ಏಪ್ರಿಲ್ 2, ಬೆಳಿಗ್ಗೆ
ಅತ್ತಿಗೆಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದರು. ಅಳುತ್ತಾರೆ ಎಂದುಕೊಂಡಿದ್ದೆ.
"ಏನಂತಾರೆ?"
"ಹೋಗೋಣ ಅಂತಾನೆ."
ಬಟ್ಟೆ ಕೆಳಗಿಟ್ಟರು. "ಸರಿ, ಹೋಗೋಣ. ಡಾಕ್ಟರ್ ಹತ್ರ. ಚಪ್ಪಲಿ ಹಾಕ್ಕೋ."
"ಸಂಜೆ ಶೋ ಇದೆ ಅತ್ತಿಗೆ..."
"ಶೋ ಹಾಳಾಗ್ಹೋಗ್ಲಿ. ಅವರನ್ನ ಕಳ್ಕೊಂಡಿದ್ದೀನಿ ಕಣೇ. ನಿನ್ನನ್ನೂ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅದೇ ದಿನ, 12.40
ಆಸ್ಪತ್ರೆ. ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಚೀಟಿ ಬರೆಯುವವಳು ಗುರುತು ಹಿಡಿದಳು.
"ಮೇಡಂ, ಭಾಷಣ ಮಾಡೋಕೆ ಬಂದ್ರಾ?"
"ಇಲ್ಲಮ್ಮ, ತೋರಿಸ್ಕೊಳ್ಳೋಕೆ."
ಹೇಳಿಯೇಬಿಟ್ಟೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಅವಳು ವಯಸ್ಸು ಕೇಳಿ ಬರೆದುಕೊಂಡಳು, ಅಷ್ಟೇ. ಅತ್ತಿಗೆ ನನ್ನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಡಾಕ್ಟರ ಬಾಗಿಲನ್ನೇ ನೋಡುತ್ತಿದ್ದಾರೆ.
ನನ್ನ ಹೆಸರು ಕರೆದರು. ಅತ್ತಿಗೆ ಅಲ್ಲಾಡಲಿಲ್ಲ.
ಮತ್ತೆ ಕರೆದರು. ಬೆಂಚಿನಲ್ಲಿ ಯಾರೂ ತಲೆ ಎತ್ತಲಿಲ್ಲ.
ಈ ಸಲ ನಗುವುದಿಲ್ಲ. ಮುಚ್ಚಿಡುವುದಿಲ್ಲ. ಅತ್ತಿಗೆಯನ್ನೇ ಕೇಳುತ್ತೇನೆ — ಈಗ ಕರೆದದ್ದು ನಿಮಗೂ ಕೇಳಿಸಿತಾ?