ಲಿನೆಟ್ ನೀರು ಕುಡಿಯಲಿ

ಸೆಪ್ಟೆಂಬರ್ 3, 1998. ಗುರುವಾರ

ಇವತ್ತೂ ದೋಣಿಯ ಹಳೇ ಟಾರ್ ಕೆರೆದೆ. ಎಡಗಡೆಯ ಮೂರನೇ ಹಲಗೆ ಮುಗಿಯಿತು. ಮೊಣಕೈ ತನಕ ಕಪ್ಪು. ಕಿವಿಯೊಳಗೂ ಟಾರಿನ ಚೂರು.

ಹಲಗೆ ಗಟ್ಟಿ ಇದೆ. ಜೊಂಡಿನ ಕೊಳದಲ್ಲಿ ಮೂವತ್ತೈದು ವರ್ಷ ಮುಳುಗಿಕೊಂಡಿದ್ದ ಓಕ್. ನೀರೊಳಗೆ ಇದ್ದದ್ದೇ ಒಳ್ಳೆಯದಾಯಿತು, ದಂಡೆಯಲ್ಲಿ ಬಿಟ್ಟಿದ್ದರೆ ಎಂದೋ ಪುಡಿ. ಮೇ ತಿಂಗಳಲ್ಲಿ ಮೇಲೆತ್ತಿದಾಗ ಮೊದಲು ಜೊಂಡು ಬಂತು, ಆಮೇಲೆ ಹಾವುಮೀನು, ಯಾರದೋ ಸೈಕಲ್ಲು. ಅದೆಲ್ಲದರ ಕೆಳಗೆ ನಾನು ಹುಟ್ಟಿದ ಮನೆ, ಅಪ್ಪನ ಸರಕು ದೋಣಿ ಲಿನೆಟ್.

ಡೆಸ್ಮಂಡ್ ಟೀ ತಂದ. ಈ ದೋಣಿ ರಿಪೇರಿ ಅಂಗಳ ಅವನದು.

"ಹೆಟ್ಟಿ, ಇದು ದೋಣಿ ಅಲ್ಲ ಕಣಮ್ಮ. ಏಳಡಿ ಅಗಲ, ಎಪ್ಪತ್ತಡಿ ಉದ್ದದ ಸೌದೆ."

"ಸೌದೆ ತೇಲುತ್ತೆ ಬಿಡು. ಒಳ್ಳೇದೇ ಆಯ್ತಲ್ಲ."

ನಕ್ಕ. ಆದರೂ ತಾರೀಕು ಇನ್ನೊಂದು ಸಲ ಹೇಳಿಯೇ ಹೋದ. ನವೆಂಬರ್ ಎರಡರಿಂದ ಚಳಿಗಾಲದ ರಿಪೇರಿ, ಕಾಲುವೆಯ ಈ ಭಾಗದ ನೀರು ಪೂರ್ತಿ ಖಾಲಿ ಮಾಡುತ್ತಾರೆ. ಅಂಗಳ ಖಾಲಿಯಾಗಬೇಕು. ಅಷ್ಟರೊಳಗೆ ಲಿನೆಟ್ ತಾನೇ ತೇಲಿ, ದೋಣಿಯನ್ನು ಏರಿಸುವ ಕದಗಳ ಲಾಕ್ ದಾಟಿ ಮೇಲಿನ ನೀರಿಗೆ ಹೋಗಬೇಕು. ಇಲ್ಲವಾದರೆ ಜೆಸಿಬಿ ತರಿಸಿ ಮುರಿಸುತ್ತಾನೆ. ಕೆಟ್ಟವನಲ್ಲ. ಮಾತೆಂದರೆ ಮಾತು, ಅಷ್ಟೇ.

ಬಾಡಿಗೆ ಮನೆ ಬಿಟ್ಟಾಗಿದೆ. ಗಂಡ ರೊನಾಲ್ಡ್ ಸತ್ತ ಮೇಲೆ ಆ ಗೋಡೆಗಳ ಜೊತೆ ನನಗೇನು ಕೆಲಸ? ಸದ್ಯಕ್ಕೆ ಅಂಗಳದ ಮೂಲೆಯ ಕ್ಯಾರವಾನು. ಆಮೇಲೆ ಲಿನೆಟ್. ಲಿನೆಟ್ ಇಲ್ಲದಿದ್ದರೆ... ಅದನ್ನು ಬರೆಯುವುದಿಲ್ಲ.

ಸೆಪ್ಟೆಂಬರ್ 6, ಭಾನುವಾರ

ಕ್ಯಾಬಿನ್ ಒರೆಸಿದೆ. ಹತ್ತು ಹೆಜ್ಜೆಯೂ ಇಲ್ಲ. ಇದರೊಳಗೆ ಅಪ್ಪ, ಅಮ್ಮ, ಅಣ್ಣ ಜೇಬೆಸ್, ನಾನು. ಒಲೆ, ಮಂಚ, ಲೇಸ್ ಅಂಚಿನ ತಟ್ಟೆಗಳು, ಅಲಂಕಾರದ ಹಿತ್ತಾಳೆ ಗುಂಡುಗಳು. ಒಬ್ಬರು ಶರ್ಟು ಹಾಕಿಕೊಳ್ಳಬೇಕಾದರೆ ಉಳಿದ ಮೂವರು ಉಸಿರು ಬಿಗಿಹಿಡಿಯಬೇಕು.

ಕಪಾಟಿನ ಬಾಗಿಲ ಮೇಲೆ ಕೆಸರು. ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಉಜ್ಜುತ್ತಾ ಹೋದೆ. ಕೆಂಪು ಕಂಡಿತು. ಅಮ್ಮ ಬರೆದ ಗುಲಾಬಿ. ಒಂದು ಎಸಳು, ಇನ್ನರ್ಧ ಎಸಳು. ಅಲ್ಲಿಗೇ ನಿಲ್ಲಿಸಿದೆ. ಎಲ್ಲ ಒಂದೇ ದಿನ ನೋಡಿಬಿಡಲು ಭಯವಾಯಿತು.

ಮಂಚದ ಹಲಗೆ ಮೇಲೆ ಒರಗಿದೆ. ಕಣ್ಣು ಹತ್ತಿತು. ಎಂಟು ವರ್ಷದವಳು, ಕ್ಯಾಬಿನ್ ಮೇಲೆ ಕೂತಿದ್ದೇನೆ, ಮರಗಳು ಹಿಂದಕ್ಕೆ ಹೋಗುತ್ತಿವೆ, ಸದ್ದೇ ಇಲ್ಲ. ಸೇತುವೆ ಬಂದಾಗಲೆಲ್ಲ ಅಮ್ಮನ ಕೂಗು: "ಹೆಟ್ಟೀ, ತಲೆ!" ಬಗ್ಗುತ್ತೇನೆ. ಕತ್ತಲು. ಮತ್ತೆ ಬೆಳಕು.

ದಂಡೆಗೆ ಬಂದು ಮನೆ ಮಾಡಿದ ಮೇಲೆ ಒಂದು ವರ್ಷ ಪ್ರತಿ ಬಾಗಿಲಲ್ಲೂ ತಲೆ ಬಗ್ಗಿಸುತ್ತಿದ್ದೆ. ಶಾಲೆಯಲ್ಲಿ ನಕ್ಕರು. "ತಲೆ!" ಅನ್ನುವವರು ಆಮೇಲೆ ಯಾರೂ ಇರಲಿಲ್ಲ.

ಸೆಪ್ಟೆಂಬರ್ 11, ಶುಕ್ರವಾರ

ತಳದ ಹಲಗೆಯಲ್ಲಿ ತೂತು. ಒಂದಲ್ಲ, ನಾಲ್ಕು.

ಹೆಬ್ಬೆರಳು ಹಿಡಿಸುವಷ್ಟು. ದುಂಡಗೆ, ಗೇಣು ಗೇಣು ಬಿಟ್ಟು ಸಾಲಾಗಿ. ಒಡೆದದ್ದಲ್ಲ. ಬೈರಿಗೆ ಹಿಡಿದು ಕೊರೆದದ್ದು, ಕೈ ಪಳಗಿದವನು.

ಅಪ್ಪ ಸಾಯುವ ತನಕ ಹೇಳಿದ್ದು ಬೇರೆ. ಅರವತ್ಮೂರರ ಆ ಚಳಿಗಾಲ, ಮೂರು ತಿಂಗಳು ಕಾಲುವೆ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಕಲ್ಲಿದ್ದಲು ತುಂಬಿಕೊಂಡು ನಿಂತಲ್ಲೇ ನಿಂತೆವು. ಹಿಮ ಕರಗುವಷ್ಟರಲ್ಲಿ ನಮ್ಮ ಸರಕು ಲಾರಿಗಳ ಪಾಲು. "ಮಂಜುಗಡ್ಡೆ ಒತ್ತಿ ಒಡೀತು ಕಣ್ರೋ, ತಾನಾಗೇ ಮುಳುಗ್ತು" ಅಂದಿದ್ದ. ನಂಬಿದ್ದೆ.

ಸಂಜೆ ಜೇಬೆಸನಿಗೆ ಫೋನು ಮಾಡಿದೆ.

"ಲಿನೆಟ್ ತಳದಲ್ಲಿ ನಾಲ್ಕು ತೂತಿದೆ ಕಣೋ. ಯಾರೋ ಕೊರೆದಿದಾರೆ."

ಅವನ ಹಿಂದೆ ಟೀವಿಯಲ್ಲಿ ಫುಟ್ಬಾಲ್ ಗದ್ದಲ.

"ಹಳೇ ದೋಣೀಲಿ ತೂತಿರದೆ ಇನ್ನೇನಿರುತ್ತೆ. ಊಟ ಮಾಡಿದ್ಯಾ?"

"ಮಾಡ್ದೆ."

"ಸರಿ." ಇಟ್ಟುಬಿಟ್ಟ.

ಐದು ವರ್ಷಕ್ಕೆ ದೊಡ್ಡವನು. ಮನೆ ನೋಡಿದರೆ ಎರಡು ಮೈಲಿ ದೂರ. ಬಸ್ ಓಡಿಸುತ್ತಾನೆ. ದಿನಕ್ಕೆರಡು ಸಲ, ಹತ್ತು ನಲವತ್ತಕ್ಕೆ ಮತ್ತು ಎರಡೂ ಹತ್ತಕ್ಕೆ, ಈ ಅಂಗಳದ ಪಕ್ಕದ ಗೂನು ಸೇತುವೆ ದಾಟುತ್ತಾನೆ. ಮೇ ತಿಂಗಳಿಂದ ಒಂದು ದಿನವೂ ಈ ಕಡೆ ಕತ್ತು ತಿರುಗಿಸಿಲ್ಲ. ಕಲ್ಲೆದೆ.

ಸೆಪ್ಟೆಂಬರ್ 24, ಗುರುವಾರ

ಹದಿಮೂರು ದಿನ ಬರೆದಿಲ್ಲ. ಬೆರಳು ಮಡಚುತ್ತಿರಲಿಲ್ಲ. ಸಂದಿಗಳಿಗೆಲ್ಲ ಸೆಣಬಿನ ನಾರು ಬಡಿದು ತುಂಬಿದೆ, ಉಳಿಯ ಹಿಡಿ ಅಂಗೈಯಲ್ಲಿ ಅಚ್ಚಾಗಿದೆ. ನಾಲ್ಕು ತೂತಿಗೆ ಪೊರಕೆಯ ಹಿಡಿ ಕತ್ತರಿಸಿ ಜಡಿದೆ. ಜಾಣೆ ನಾನು!

ಇವತ್ತು ಟಾರ್ ಹಚ್ಚುವ ದಿನ. ಅಪ್ಪ ಮಾಡುತ್ತಿದ್ದದ್ದು ನೆನಪಿತ್ತು: ಕಾದ ಟಾರಿಗೆ ದನದ ಕೂದಲು, ಸಗಣಿ. ಪಕ್ಕದ ಫಾರಂನಿಂದ ಎರಡು ಬಕೆಟ್ ಹಸುವಿನ ಸಗಣಿ ತಂದು ಸುರಿದೆ. ಅಬ್ಬಬ್ಬಾ, ಆ ನಾತ! ಡೆಸ್ಮಂಡ್ ಕರವಸ್ತ್ರ ಮೂಗಿಗೆ ಹಿಡಿದು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಚ್ಚಿದರೆ ಹಲಗೆಗೆ ಅಂಟಲಿಲ್ಲ. ಪಾಯಸದ ಹಾಗೆ ಇಳಿಯಿತು.

ಹತ್ತು ನಲವತ್ತರ ಬಸ್ಸು. ಸೇತುವೆ ಏರಿತು. ನೆತ್ತಿಯ ಮೇಲೆ ನಿಂತಿತು! ಇಂಜಿನ್ ಗುರುಗುಡುತ್ತಿದೆ, ಕಿಟಕಿಯಲ್ಲಿ ಜೇಬೆಸನ ತಲೆ.

"ಅದೇನೇ ಹಾಕಿರೋದು?"

"ಸಗಣಿ!"

"ಯಾವುದರದ್ದು?"

"ಹಸೂದು!"

"ಹಸು ಸಗಣಿ ಅಲ್ವೇ ದಡ್ಡ ಮುಂಡೇದೆ! ಕುದುರೆ ಲದ್ದಿ! ಲದ್ದಿ!"

ಬಸ್ ತುಂಬ ಜನ. ಕಿಟಕಿಗೊಂದು ಮುಖ. ಟೋಪಿ ಹಾಕಿದ ಒಬ್ಬ ಮುದುಕಿ ತಲೆಯಾಡಿಸಿದಳು, ಇಷ್ಟೂ ಗೊತ್ತಿಲ್ಲವೇ ಇವಳಿಗೆ ಅನ್ನುವ ಹಾಗೆ. ಬಸ್ ಹೋಯಿತು.

ಬಕೆಟಿನ ಪಕ್ಕ ಕೂತು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಮೂವತ್ತೈದು ವರ್ಷದಲ್ಲಿ ಲಿನೆಟ್ ಬಗ್ಗೆ ಅವನಾಗೇ ಆಡಿದ ಮೊದಲ ಮಾತು.

ಸೆಪ್ಟೆಂಬರ್ 25, ಶುಕ್ರವಾರ

ಬೆಳಿಗ್ಗೆ ಗೇಟಿಗೆ ಒಂದು ಚೀಲ ನೇತುಹಾಕಿತ್ತು. ಲದ್ದಿ. ಚೀಟಿ ಇಲ್ಲ, ಏನಿಲ್ಲ.

ಅಕ್ಟೋಬರ್ 8, ಗುರುವಾರ

ಈಗ ದಿನಕ್ಕೆರಡು ಪಾಠ. ಬಸ್ ನಿಲ್ಲುತ್ತದೆ, ಒಂದು ಮಾತು ಬೀಳುತ್ತದೆ, ಹೊರಡುತ್ತದೆ.

"ಬೆಂಕಿ ಸಣ್ಣ ಮಾಡು." "ಕೂದಲು ಬಿಡಿಸಿ ಹಾಕು, ಗಂಟು ಹಾಕ್ಬೇಡ." "ಅಡ್ಡಡ್ಡ ಅಲ್ಲ, ಉದ್ದುದ್ದ ಎಳಿ!"

ಪ್ರಯಾಣಿಕರೂ ಸೇರಿಕೊಂಡಿದ್ದಾರೆ. ಟೋಪಿ ಮುದುಕಿಯಂತೂ ಇವತ್ತು ಅವನಿಗಿಂತ ಮೊದಲೇ ಕೂಗಿದಳು, "ಆ ಮೂಲೆ ಬಿಟ್ಟಿದೀರಿ ನೋಡಿ!"

"ಇಳಿದು ಬಾರೋ, ತೋರ್ಸು" ಅಂದೆ.

ಮುಖ ಒಳಗೆ ಹೋಯಿತು. ಬಸ್ಸೂ ಹೋಯಿತು.

ಲದ್ದಿ ಬೆರೆತ ಟಾರ್ ಬೆಣ್ಣೆಯ ಹಾಗೆ ಕೂರುತ್ತದೆ. ಬೆಚ್ಚಗಿನ ವಾಸನೆ. ಅಪ್ಪನ ಜಾಕೆಟ್ಟಿನ ವಾಸನೆ. ಮಧ್ಯಾಹ್ನವೆಲ್ಲ ಬ್ರಶ್ಶು ಎಳೆಯುತ್ತಾ ಯಾವ ವರ್ಷದಲ್ಲಿ ಇದ್ದೇನೆ ಅನ್ನುವುದೇ ಮರೆತುಹೋಯಿತು.

ಅಕ್ಟೋಬರ್ 22, ಗುರುವಾರ

ಇಳಿಸಿದೆವು. ಜಾರಿತು, ನೀರು ಮುಟ್ಟಿತು, ತೇಲಿತು. ಒಂದು ನಿಮಿಷ.

ಆಮೇಲೆ ಎಲ್ಲ ಸಂದಿಯಿಂದಲೂ ನೀರು. ಜರಡಿ. ಡೆಸ್ಮಂಡ್ ಎರಡು ಪಂಪು ಹಚ್ಚಿದ. ಹೊರಗೆ ಹಾಕಿದಷ್ಟೂ ಒಳಗೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಐದು ತಿಂಗಳ ಕೆಲಸ.

ಎರಡೂ ಹತ್ತರ ಬಸ್ಸು.

"ಪಂಪ್ ನಿಲ್ಸೇ!" ಕಿಟಕಿಯಿಂದ ಸೊಂಟದ ತನಕ ಹೊರಗೆ ಬಂದಿದ್ದ. "ಬೇಸಿಗೆಯೆಲ್ಲಾ ಒಣಗಿಸಿದೀಯಾ ಅದನ್ನ. ಬಾಯಾರಿದೆ! ಕುಡೀಲಿ ಬಿಡು!"

"ತಲೆ ಕೆಟ್ಟಿದ್ಯಾ ಇವನಿಗೆ?" ಡೆಸ್ಮಂಡ್ ನನ್ನತ್ತ ತಿರುಗಿದ. "ಪಂಪ್ ನಿಲ್ಸಿದ್ರೆ ಮತ್ತೆ ಮುಳುಗುತ್ತೆ."

ಮರದ ಬಾನಿ ನೆನಪಾಯಿತು. ಒಣಗಿದಾಗ ಸೋರುತ್ತದೆ, ನೆನೆದರೆ ಹಿಡಿಯುತ್ತದೆ. ನಾನೇ ಹೋಗಿ ಎರಡೂ ಪಂಪಿನ ಸ್ವಿಚ್ ಆರಿಸಿದೆ.

ಲಿನೆಟ್ ನಿಧಾನವಾಗಿ ಇಳಿದು ತಳ ಮುಟ್ಟಿ ಕೂತಿತು.

ಅಕ್ಟೋಬರ್ 24, ಶನಿವಾರ

ಕಾಯುವುದು ಬಿಟ್ಟರೆ ಕೆಲಸವಿಲ್ಲ. ಕ್ಯಾಬಿನ್ನಿನಲ್ಲಿ ಮೊಣಕಾಲುದ್ದ ನೀರು. ಮಂಚದ ಹಲಗೆ ಮೇಲೆ ಕಾಲು ಮಡಚಿ ಕೂತೆ, ಥರ್ಮಾಸ್ ತೊಡೆಯ ಮೇಲೆ.

ಬಾಗಿಲಿಂದ ಬಿಸಿಲು ಬಂದು ಒಳಗಿನ ನೀರಿಗೆ ಬಿದ್ದು ಚಾವಣಿಯ ಮೇಲೆ ಕುಣಿಯುತ್ತಿತ್ತು. ಗುಲಾಬಿಯ ಮೇಲೂ. ಸುಮ್ಮನೆ ಕಿವಿಗೊಟ್ಟೆ. ಹಲಗೆಗಳಲ್ಲಿ ಸಣ್ಣ ಸದ್ದು. ಟಿಕ್... ತುಂಬಾ ಹೊತ್ತು ಬಿಟ್ಟು ಇನ್ನೊಂದು ಟಿಕ್. ಕುಡಿಯುತ್ತಿದೆ. ಗುಟುಕು ಗುಟುಕಾಗಿ.

ಮಂಪರು. ಅಮ್ಮ ಲೋಟ ಹಿಡಿದು ಯಾರಿಗೋ ನೀರು ಕುಡಿಸುತ್ತಿದ್ದಳು. ಯಾರಿಗೆ ಅಂತ ಕಾಣಲಿಲ್ಲ. ಎದ್ದಾಗ ಕೆನ್ನೆ ಒದ್ದೆ. ಅಳುವಂಥದ್ದೇನೂ ಆಗಿರಲಿಲ್ಲ.

ಅಕ್ಟೋಬರ್ 27, ಮಂಗಳವಾರ

ಪಂಪು ಹಚ್ಚಿದೆವು. ನೀರು ಇಳಿಯಿತು! ಸಂದಿಗಳೆಲ್ಲ ಬಾಯಿ ಮುಚ್ಚಿಕೊಂಡಿವೆ. ಡೆಸ್ಮಂಡ್ ಹಣೆ ಮುಟ್ಟಿಕೊಂಡ, "ಲದ್ದಿಗೆ ನಮಸ್ಕಾರ" ಅಂದ.

ಅಷ್ಟರಲ್ಲಿ ಠಪ್. ಪೊರಕೆಯ ತುಂಡೊಂದು ಎಗರಿ ತೇಲಿತು. ಇನ್ನೊಂದು. ನಾಲ್ಕೂ. ನಾಲ್ಕು ತೂತಿಂದ ನಾಲ್ಕು ಕಾರಂಜಿ. ಚಿಂದಿ ತುರುಕಿ, ಮೇಲೆ ಇಟ್ಟಿಗೆ ಹೇರಿ ಇಟ್ಟಿದ್ದೇವೆ. ಇಡೀ ದಿನ ಪಂಪು ಓಡುತ್ತಲೇ ಇರಬೇಕು. ಈ ಸ್ಥಿತಿಯಲ್ಲಿ ಲಾಕ್ ದಾಟಿಸುವುದಿಲ್ಲ ಅಂದ ಡೆಸ್ಮಂಡ್. ಅವನು ಹೇಳುವುದೂ ಸರಿ, ನಡುವೆ ಮುಳುಗಿದರೆ ಕಾಲುವೆಯೇ ಬಂದ್.

ಉಳಿದದ್ದು ಐದು ದಿನ. ಬಸ್ಸು ಬಂದಾಗ ಕೂಗಿ ಹೇಳಿದೆ. ಜೇಬೆಸ್ ಗೇರು ಹಾಕಿ ಹೊರಟೇ ಹೋದ.

ಅಕ್ಟೋಬರ್ 29, ಗುರುವಾರ

ನಿನ್ನೆಯೂ ಬಸ್ ನಿಲ್ಲಲಿಲ್ಲ. ಸಿಟ್ಟು ನೆತ್ತಿಗೇರಿತು. ಇವತ್ತು ಹಿಂದಿನ ಸ್ಟಾಪಿಗೇ ನಡೆದು ಹೋಗಿ ಹತ್ತಿದೆ. ಓಡಿಸುತ್ತಿರುವವನು ಓಡಿಹೋಗುವುದಾದರೂ ಎಲ್ಲಿಗೆ?

"ಎಲ್ಲಿಗೆ?" ಅಂದ, ರಸ್ತೆ ನೋಡುತ್ತಾ.

"ನೀನು ಬಾಯಿ ಬಿಡೋ ತನಕ."

ಟೋಪಿ ಮುದುಕಿ ನನಗೆ ಮುಂದಿನ ಸೀಟು ಬಿಟ್ಟುಕೊಟ್ಟಳು. ಮೂರು ಸ್ಟಾಪು ದಾಟಿದವು. ನಾಲ್ಕನೆಯದು ಬರುವ ಮೊದಲು ಹೇಳಿದ, ನನಗಲ್ಲ, ಎದುರಿನ ಗಾಜಿಗೆ.

"ಅಪ್ಪ ಕೊಡಲಿ ಕೊಟ್ಟ ಕಣೇ. ಹೋಗಿ ಒಡೆದು ಹಾಕು, ನನ್ ಕೈಲಾಗಲ್ಲ ಅಂದ. ಹದಿನೆಂಟು ವರ್ಷ ನಂಗೆ. ಕೊಡಲಿ ಎತ್ತಿದೆ. ಕಪಾಟಿನ ಬಾಗಿಲು ತೆರೆದಿತ್ತು, ಅಮ್ಮನ ಗುಲಾಬಿ ಕಾಣ್ತು. ಇಳಿಸಿಬಿಟ್ಟೆ."

"ಅದಕ್ಕೇ ಕೊರೆದ್ಯಾ?"

"ಒಡೆದ್ರೆ ಮುಗೀತು. ತೂತಾದ್ರೆ ಮುಚ್ಚಬೋದಲ್ಲ."

"ನಾಲ್ಕು ಯಾಕೋ?"

ಗೇರು ಬದಲಾಯಿಸಿದ. "ಮೊದ್ಲು ಒಂದೇ ಕೊರೆದದ್ದು. ಎಷ್ಟು ಹೊತ್ತಾದ್ರೂ ಮುಳುಗ್ತಾ ಇಲ್ಲ. ನಿಂತು ನೋಡೋಕೆ ಆಗ್ಲಿಲ್ಲ ಹೆಟ್ಟಿ."

ನನ್ನ ಸ್ಟಾಪು ದಾಟಿ ಎಷ್ಟೋ ದೂರ ಹೋಗಿದ್ದೆವು. ಭುಜ ಮುಟ್ಟಿದೆ. "ಡ್ರೈವರ್ ಜೊತೆ ಮಾತಾಡ್ಬಾರ್ದು, ಬೋರ್ಡ್ ಓದು" ಅಂದ. ಕಣ್ಣು ಒರೆಸಿಕೊಂಡ, ಮುಷ್ಟಿಯ ಹಿಂಬದಿಯಿಂದ, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆಯೇ. ಕಲ್ಲೆದೆ ಅಂತ ಬರೆದಿದ್ದೆ ಇಲ್ಲೇ, ಮೇಲೆ. ಹೊಡೆದುಹಾಕಬೇಕು ಅದನ್ನು.

ಅಕ್ಟೋಬರ್ 30, ಶುಕ್ರವಾರ. ಬೆಳಿಗ್ಗೆ 7

ಮಂಜು. ಅಂಗಳದ ಗೇಟು ಕಿರುಗುಟ್ಟಿತು. ಜೇಬೆಸ್, ಡ್ಯೂಟಿ ಬಟ್ಟೆಯಲ್ಲೇ, ಕೈಯಲ್ಲಿ ಸಾಸಿವೆ ಪುಡಿಯ ಹಳೇ ಡಬ್ಬಿ.

ಮುಚ್ಚಳ ತೆಗೆದ. ಕೊಬ್ಬು ಸವರಿ ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ಓಕ್ ಬೆಣೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ.

"ಯಾವಾಗ ಕೆತ್ತಿದ್ದೋ ಇದು?"

"ಮುಳುಗಿಸಿದ ರಾತ್ರಿ. ನಿದ್ದೆ ಬರ್ಲಿಲ್ಲ."

ಮೂವತ್ತೈದು ವರ್ಷ! ಮೂರು ಮನೆ ಬದಲಾಯಿಸಿದ್ದಾನೆ. ಒಂದು ಮದುವೆ ಮುರಿದಿದೆ. ಡಬ್ಬಿ ಮಾತ್ರ ಜೊತೆಗೇ ಬಂದಿದೆ.

ಜೇಬೆಸ್ ಬೂಟು ಕಳಚಿ, ಪ್ಯಾಂಟು ಮಡಚಿ ದೋಣಿಯೊಳಗಿನ ನೀರಿಗಿಳಿದ. ನಾನು ಚಿಂದಿ ಕಿತ್ತೆ, ಅವನು ನಾರು ಸುತ್ತಿ ಬೆಣೆ ಇಟ್ಟು ಬಡಿದ. ಒಂದು. ಎರಡು. ಮೂರು. ನಾಲ್ಕನೆಯದು ಕೂರುವಾಗ ಸದ್ದೇ ಬದಲಾಯಿತು. ಅಂಗೈ ಒತ್ತಿ ಹಿಡಿದು ಕಾದ. ಒಂದು ಹನಿ ಇಲ್ಲ.

"ಹತ್ತಿಬಿಟ್ಯಲ್ಲೋ" ಅಂದೆ.

"ಎಲ್ಲಿಗೆ?"

"ಲಿನೆಟ್‌ಗೆ."

ಸುತ್ತ ನೋಡಿದ. ಹತ್ತಿದ್ದು ಅವನಿಗೆ ಗೊತ್ತಾದದ್ದೇ ಆಗ. ಹಾಗೇ ಒದ್ದೆ ಹಲಗೆಯ ಮೇಲೆ ಕೂತುಬಿಟ್ಟ. ಪಕ್ಕದಲ್ಲಿ ನಾನೂ ಕೂತೆ. ಹತ್ತು ನಲವತ್ತರ ಬಸ್ಸು ಇವತ್ತು ತಡ ಆಗಬಹುದು.

ಅಕ್ಟೋಬರ್ 31, ಶನಿವಾರ. ಬೆಳಿಗ್ಗೆ 10.30

ಹೊರಟೆವು! ಕ್ಯಾಬಿನ್ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಅಲ್ಲಾಡುತ್ತಿದೆ. ಮುಂದೆ ಡೆಸ್ಮಂಡನ ದೋಣಿ ಎಳೆಯುತ್ತಿದೆ. ಹಿಂದೆ ಚುಕ್ಕಾಣಿ ಹಿಡಿದವನು ಜೇಬೆಸ್. ರಜೆ ಹಾಕಿದ್ದಾನೆ. ಹನ್ನೊಂದು ವರ್ಷದಲ್ಲಿ ಮೊದಲ ರಜೆಯಂತೆ.

ಅಂಗಳದ ಬದಿಯ ಲಾಕ್ ದಾಟಿತು. ಕದ ಮುಚ್ಚಿತು, ನೀರು ಏರಿತು, ನಾವೂ ಏರಿದೆವು. ಒಳಗೆ ಹೋಗಿ ತಳ ಮುಟ್ಟಿ ನೋಡಿದೆ. ಒಣಗಿದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮೇಲಿನ ನೀರು ಇದು. ಇನ್ನು ಯಾವ ಜೆಸಿಬಿಯೂ ಬರುವುದಿಲ್ಲ.

ಸದ್ದಿಲ್ಲ. ಮರಗಳು ಹಿಂದಕ್ಕೆ ಹೋಗುತ್ತಿವೆ. ಗೂನು ಸೇತುವೆ ಹತ್ತಿರ ಬಂತು, ಮೇಲೆ ಬಸ್ಸು ನಿಂತಿದೆ, ಡ್ರೈವರ್ ಬೇರೆಯವನು. ಕಿಟಕಿಯಲ್ಲಿ ಟೋಪಿ ಮುದುಕಿ. ಏನೋ ಕೂಗುತ್ತಿದ್ದಾಳೆ, ಕೈ ಬೀಸೋಣ ಅಂದರೆ ಪೆನ್ನು —

ಹಿಂದಿಂದ ಜೇಬೆಸ್. ಥೇಟ್ ಅಮ್ಮನ ಧಾಟಿ.

"ಹೆಟ್ಟೀ, ತಲೆ —