ನಾಮಮಾತ್ರ ಕಡಿತ

ಮಾರ್ಚ್ 3

ಇಂದೂ ಸಂಸತ್ತಿನ ಸಮಿತಿ. ರಕ್ಷಣಾ ಬಜೆಟ್. ಸೈನಿಕರ ಸೋಪಿನ ಖರ್ಚಿನಲ್ಲೂ ಹುಳುಕು ಹುಡುಕುವ ವಿರೋಧ ಪಕ್ಷದ ಹಿರಿಯರೊಬ್ಬರು — ನಾವೆಲ್ಲ ಅವರನ್ನು ‘ಕತ್ತರಿ’ ಎನ್ನುತ್ತೇವೆ — ಒಂದು ಸಾಲಿಗೂ ತಕರಾರೆತ್ತಲಿಲ್ಲ. ಹೋದ ವರ್ಷದ ಎರಡರಷ್ಟು ಹಣ. “ಪಾಸ್ ಮಾಡಿ” ಎಂದು ಎದ್ದೇಬಿಟ್ಟರು.

ಲಿಫ್ಟ್ ಬಳಿ ಹಿಡಿದೆ. “ಏನ್ ಸರ್, ಕತ್ತರಿ ಮೊಂಡಾಯ್ತಾ?”

“ಉರಿಯೋ ಮನೇಲಿ ಗಳ ಹಿರಿದ ಅನ್ನಿಸ್ಕೊಳ್ಳೋದು ಬೇಡಮ್ಮ.”

“ಬೆಂಕಿ ಎಲ್ಲಿ ಬಿದ್ದಿದೆ?”

ಲಿಫ್ಟಿನ ಗುಂಡಿ ಒತ್ತಿದರು. “ನಿನ್ ತಮ್ಮ ಇನ್ನೂ ಗಡೀಲೇ ಇದಾನಾ?” ಎಂದರು.

ಮಾರ್ಚ್ 4

ತಮ್ಮನ ಹೆಂಡತಿಯ ಫೋನ್. ಅವನ ರಜೆ ರದ್ದು. ಇಡೀ ತುಕಡಿಯದ್ದೂ. “ಅತ್ತಿಗೆ, ನೀವು ಆಡಳಿತ ಪಕ್ಷದೋರು. ನಿಮಗೆ ಗೊತ್ತಿರಲ್ವಾ?” ಗೊತ್ತಿಲ್ಲ. ನಾಚಿಕೆಯಾಯಿತು. ಭಯವೂ.

ರಕ್ಷಣೆಯ ಹಣ ತಗ್ಗಿಸಿ ಎಂಬ ಕಡಿತ ಸೂಚನೆ ಕೊಟ್ಟು ಬಂದೆ — ಸ್ವಂತ ಪಕ್ಷದ ಬಜೆಟ್ ಮೇಲೆ! ಕಡಿತವೇನೋ ನಾಮಮಾತ್ರದ್ದು, ನೂರು ರೂಪಾಯಿ. ಆದರೆ ಚರ್ಚೆಗೆ ಬಂದರೆ ಮತಕ್ಕೆ ಮುಂಚೆ ರಕ್ಷಣಾ ಸಚಿವರು ಎದ್ದು ಉತ್ತರ ಕೊಡಲೇಬೇಕು. ಕೇಳುವುದು ಒಂದೇ: ಯುದ್ಧಕ್ಕೆ ಹೊರಟಿದ್ದೀರಾ?

ಮಾರ್ಚ್ 9

ಪಕ್ಷದ ಸಚೇತಕ ಮನೆಗೇ ಬಂದಿದ್ದ. ನಗುನಗುತ್ತಲೇ ಮಾತು. ಬೆಣ್ಣೆಯಲ್ಲಿ ಕೂದಲು ತೆಗೆಯುವ ಆಸಾಮಿ.

“ಅದನ್ನ ವಾಪಸ್ ತಗೊಳ್ಳಿ ಮೇಡಂ. ನಿಮ್ ತಮ್ಮನ್ನ ರಾಜಧಾನಿ ಆಫೀಸಿಗೆ ಹಾಕಿಸೋಣ.”

“ಉಳಿದೋರು?”

“ಉಳಿದೋರೂ ನಿಮ್ ತಮ್ಮಂದಿರಾ?”

ಅವನನ್ನು ಆಚೆಗೆ ಅಟ್ಟಬೇಕಿತ್ತು. ಬಿಸ್ಕೆಟ್ ತಟ್ಟೆ ಅವನ ಮುಂದಕ್ಕೆ ಸರಿಸಿದೆ.

ಮಾರ್ಚ್ 16

ಸೂಚನೆ ವಾಪಸ್ ಪಡೆದೆ. ಸಂಜೆಯಾಗುತ್ತಲೇ ಸಭಾಧ್ಯಕ್ಷರು ಗಡಿಯಾರ ನೋಡಿ, ಚರ್ಚೆಯಾಗದೆ ಉಳಿದ ಇಲಾಖೆಗಳ ಬಜೆಟ್ಟನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿದರು. ರಕ್ಷಣೆಯೂ ಅದರಲ್ಲೇ. “ಪರವಾಗಿರುವವರು ಹೌದು ಅನ್ನಿ.” ನಾನೂ “ಹೌದು” ಅಂದೆ. ಗಟ್ಟಿಯಾಗಿಯೇ. ಸಚಿವರು ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ.

ವರ್ಗಾವಣೆ ಆದೇಶ ಹೊರಟಿದೆಯಂತೆ. ತಮ್ಮನ ಹೆಂಡತಿ ಫೋನಿನಲ್ಲೇ ಸಂತೋಷಕ್ಕೆ ಅತ್ತಳು. ನನಗೂ ಹೋದ ಜೀವ ಬಂದಂತಾಯಿತು. ಸುಳ್ಳೇಕೆ ಹೇಳಲಿ…

ಮಾರ್ಚ್ 21, ಬೆಳಿಗ್ಗೆ

ಟಿವಿಯಲ್ಲಿ ಸಚಿವರು. ನಮ್ಮ ಪಡೆ ಗಡಿ ದಾಟಿದೆ.

ನಿನ್ನೆ ತಮ್ಮ ಫೋನ್ ಮಾಡಿದ್ದ. ರೈಲು ಹತ್ತಿರಬೇಕು ಅಂದುಕೊಂಡೇ ಎತ್ತಿದೆ. “ಅಕ್ಕಾ, ಬೈಬೇಡ. ಸಾಹೇಬ್ರಿಗೆ ಹೇಳಿ ರಾಜಧಾನೀಲಿ ನನಗೆ ಕೊಟ್ಟ ಜಾಗಕ್ಕೆ ನಮ್ ತುಕಡಿ ಡ್ರೈವರ್‌ನ ಹಾಕಿಸ್ದೆ. ಅವನಿಗೆ ಮೊನ್ನೆ ತಾನೇ ಮಗು ಆಗಿದೆ ಪಾಪ. ನನ್ ಹೆಂಡ್ತಿಗೆ ನೀನೇ ಹೇಳ್ಬಿಡು.”

ಹೇಳಿಲ್ಲ. ಅವನನ್ನು ಕರೆದುಕೊಂಡು ನೇರ ಇಲ್ಲಿಗೇ ಬರುತ್ತೇನೆಂದು ಅವಳು ನಸುಕಿಗೇ ಸ್ಟೇಷನ್‌ಗೆ ಹೋಗಿದ್ದಾಳೆ.

ಕೆಳಗೆ ಟ್ಯಾಕ್ಸಿ ನಿಂತ ಸದ್ದು. ಮೆಟ್ಟಿಲ ಮೇಲೆ ಒಬ್ಬಳದೇ ಹೆಜ್ಜೆ. ಬಾಗಿಲು ತೆಗೆದು ಏನೆಂದು ಹೇಳಲಿ—