ಅತ್ತೆಯ ದೋಣಿಗೆ ಜೀನು

ಮಾರ್ಚ್ 4, ಬುಧವಾರ

ಲ್ಯಾಬಲ್ಲಿ ಇವತ್ತು ಕಟ್ಟಿದ್ದು ಮೇಲಿನ ಕೃತಕ ಹಲ್ಲಿನ ಸೆಟ್ಟು ಒಂದು, ಕೆಳಗಿನದು ಒಂದು. ಕೆಳಗಿನದು ಇನ್ನೂ ಅಲ್ಲಾಡ್ತಿದೆ, ಡಾಕ್ಟರು ವಾಪಸ್ ಕಳಿಸೋದು ಗ್ಯಾರಂಟಿ. ಉಗುರಿನ ಸಂದೀಲಿ ಪ್ಲಾಸ್ಟರ್. ಕೈ ತೊಳೆದು ಊಟಕ್ಕೆ ಕೂತರೆ ಅತ್ತೆಗೂ ನನ್ನ ಹೆಂಡತಿಗೂ, ತಾಯಿ-ಮಗಳ ಮಹಾಯುದ್ಧ.

ಮತ್ತೆ ಅದೇ, ಕಯಾಕ್. ಗ್ಯಾರೇಜಿನ ಗೋಡೆ ಮೇಲೆ ಎರಡು ಸಪೂರ ದೋಣಿ, ಒಬ್ಬೊಬ್ಬರೇ ಕೂತು ಹುಟ್ಟು ಹಾಕೋವು. ಕೆಂಪು ಅತ್ತೆಯದು, ಹಳದಿ ಇವಳದು. ಹೋದ ವರ್ಷ ಕೆರೆಯಿಂದ ಬಂದು ಕಾರಿಂದ ಇಳಿಸುವಾಗ ಹಿಂದಿನ ತುದಿ ಇವಳ ಒದ್ದೆ ಕೈಯಿಂದ ಜಾರಿ ಅತ್ತೆಯ ಬಲಭುಜದ ಮೇಲೆ ಬಿತ್ತು. ಮೂಳೆ ಬಿರುಕು. ತಿಂಗಳುಗಟ್ಟಲೆ ಫಿಸಿಯೋ. ಈಗ ಡಾಕ್ಟರು ಹೇಳಿದಾರೆ: ಹುಟ್ಟು ಹಾಕಬಹುದು, ತಲೆ ಮೇಲೆ ಭಾರ ಎತ್ತಬಾರದು. ಅತ್ತೆಗೆ ಮೊದಲನೇ ಮಾತು ಮಾತ್ರ ಕೇಳಿಸಿದೆ, ಇವಳಿಗೆ ಎರಡನೇದು ಮಾತ್ರ.

"ನಮ್ಮ ಆಫೀಸಿನವರೊಬ್ಬರು ಎರಡೂ ತಗೋತಾರಂತೆ. 29ಕ್ಕೆ ನೋಡೋಕೆ ಬರ್ತಾರೆ. ಕೊಟ್ಟುಬಿಡೋಣ ಅಮ್ಮ."

"ನಾನು ಕೊಡಲ್ಲ."

"ಕಾರಿನ ಮೇಲೆ ಹಾಕೋರು ಯಾರು? ಇವರಿಗೆ ಬಿಡುವಿಲ್ಲ. ನಾನಂತೂ ಇನ್ನು ಅದನ್ನ ಮುಟ್ಟಲ್ಲ."

"ನಾನೇ ಹಾಕ್ಕೋತೀನಿ."

"ಹೌದಾ! ಹಾಗಿದ್ರೆ ಅವರು ಬರೋದ್ರೊಳಗೆ ಒಬ್ಬಳೇ ಹಾಕಿ ತೋರಿಸು. ಯಾರೂ ಕೈ ಹಚ್ಚಬಾರದು. ಆಗಲಿಲ್ಲ ಅಂದ್ರೆ ಮಾರಾಟ."

"ಆದ್ರೆ ಎರಡೂ ಇಲ್ಲೇ ಇರತ್ತಾ?"

"ಇರಲಿ, ನಂಗೇನು."

"ಆಯ್ತು" ಅಂದು ತಟ್ಟೆ ಎತ್ಕೊಂಡು ಹೋದ್ರು. ಅಳಿಯನಾದವನಿಗೆ ಇಂಥ ಹೊತ್ತಲ್ಲಿ ತಟ್ಟೆ ನೋಡೋದೇ ಕ್ಷೇಮ.

ಮಾರ್ಚ್ 8, ಭಾನುವಾರ

ಮೊದಲು ಬೇಕಾಗಿರೋದು ಸ್ಯಾಡಲ್. ಹಳೇವು ಬಿರುಕು ಬಿಟ್ಟು ಎಸೆದಾಯ್ತು. ಕಾರಿನ ತಲೆ ಮೇಲಿರೋ ಎರಡು ಅಡ್ಡ ಸರಳಿಗೆ ಕೂರಿಸೋದು, ಅದರ ಮೇಲೆ ದೋಣಿ. ಅತ್ತೆ ಬಾಯಲ್ಲಿ "ಜೀನು". "ಕುದುರೆಗೆ ಹಾಕಿದ ಹಾಗೇ ತಾನೇ!"

ಜಾಣತನ ತೋರಿಸೋಕೆ ಹೋಗಿ ಯಾರನ್ನೂ ಕೇಳದೆ ಬೆಳಿಗ್ಗೆನೇ ತಂದೆ. ಕೊಕ್ಕೆ ಹಾಗೆ ಬಾಗಿರೋ ನಮೂನೆ. ದೋಣಿ ಅದರಲ್ಲಿ ಮಗ್ಗುಲಾಗಿ ಮಲಗತ್ತೆ, ಕಡಿಮೆ ಜಾಗ ಸಾಕು. ಕೂರಿಸಿ, ಕೆಂಪು ದೋಣಿ ಎತ್ತಿ ಹಾಕಿದೆ. ಆಹಾ, ಎಷ್ಟು ಚೆನ್ನಾಗಿ ಕೂತುಕೊಳ್ತು! ಎದೆ ಉಬ್ಬಿಸಿ ಅತ್ತೆಯನ್ನ ಕರೆದೆ.

ಅತ್ತೆ ಸುತ್ತ ಒಂದು ಸಲ ಬಂದ್ರು. ಬಲಗೈ ಮೇಲೆತ್ತಿ ತೋರಿಸಿದ್ರು. ಕಿವಿಯವರೆಗೆ ಬಂದು ನಿಂತಿತು.

"ಅಳಿಯಂದ್ರೇ, ಇದನ್ನ ಯಾರಿಗೆ ತಂದ್ರಿ?"

ಇಂಗು ತಿಂದ ಮಂಗನ ಹಾಗೆ ನಿಂತೆ. ದೋಣಿಯನ್ನ ಪೂರ್ತಿ ಎತ್ತಿ, ಆ ಕೊಕ್ಕೆ ದಾಟಿಸಿ ಇಳಿಸಬೇಕು. ನನ್ನ ಎತ್ತರಕ್ಕೆ, ನನ್ನ ಭುಜಕ್ಕೆ ಸರಿ. ವಾಪಸ್ ಕೊಡೋಕೆ ಡಬ್ಬಿಗೆ ತುಂಬುತಿದ್ದೆ.

"ಕೊಡಬೇಡಿ. ಇರಲಿ."

"ಯಾಕತ್ತೆ?"

"ಇರಲಿ ಅಂದ್ನಲ್ಲ."

ಜಗಮೊಂಡಿ.

ಮಾರ್ಚ್ 11, ಬುಧವಾರ

ಮರ್ಯಾದೆ ಪ್ರಶ್ನೆ ಈಗ. ಬಾಯಿಗೆ ಸೆಟ್ಟು ಸರಿಯಾಗಿ ಕೂರಬೇಕಾದ್ರೆ ಏನು ಮಾಡ್ತೀವಿ? ಅಚ್ಚು ತೆಗೀತೀವಿ. ದೋಣಿಗೂ ತೆಗೆದೆ! ಲ್ಯಾಬಿಂದ ಪ್ಲಾಸ್ಟರ್ ತಂದು, ಗೋಡೆಯ ಕಂಬಿ ಮೇಲೆ ದೋಣಿ ಎಲ್ಲೆಲ್ಲಿ ಕೂತಿದೆಯೋ ಅಲ್ಲಿ ಹೊಟ್ಟೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಳಿದೆ. ಅಚ್ಚು ನೀಟಾಗಿ ಬಂತು. ಇದಕ್ಕೆ ಹೊಂದೋ ಸ್ಯಾಡಲ್ ತಗೊಂಡ್ರೆ ಆಯ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದ್ರು. "ದೋಣಿಗೂ ಹಲ್ಲು ಕಟ್ಟಿಸ್ತಿದೀರಾ ಅಳಿಯಂದ್ರೇ?"

ಇವಳು ಅಡುಗೆಮನೆಯಿಂದಲೇ ನಕ್ಕಳು. ಈ ವಿಷಯಕ್ಕೆ ಇವಳು ನಕ್ಕಿದ್ದು ಇದೇ ಮೊದಲು. ಅದೂ ನನ್ನ ಮೇಲೆ. ಆಗಲಿ.

ಮಾರ್ಚ್ 14, ಶನಿವಾರ

ಅತ್ತೆ ಜೊತೆ ಅಂಗಡಿಗೆ. ಅಚ್ಚನ್ನ ಟವೆಲಲ್ಲಿ ಸುತ್ಕೊಂಡು ಹೋಗಿದ್ದೆ. ಅಂಗಡಿಯ ಹೆಂಗಸು ನೋಡಿ ಗಾಬರಿ — ಏನು ತಂದಿದಾನೆ ಇವನು ಅಂತ. ಆಮೇಲೆ ಕೇಳಿದಳು, "ಇದು ದೋಣಿಯ ಯಾವ ಭಾಗದ್ದು ಸಾರ್?"

ಗೋಡೆಯ ಕಂಬಿಗಳು ದೂರ ದೂರ. ಕಾರಿನ ಸರಳುಗಳು ಹತ್ತಿರ ಹತ್ತಿರ. ದೋಣಿ ಎಲ್ಲಾ ಕಡೆ ಒಂದೇ ದಪ್ಪ ಇರಲ್ಲ... ನಾನು ಅಚ್ಚು ತೆಗೆದ ಜಾಗ ಕಾರಿನ ಮೇಲೆ ಗಾಳಿಯಲ್ಲಿ ತೇಲ್ತಿರತ್ತೆ! ಬಾಯಿಯ ಅಚ್ಚು ತೆಗೆಯೋ ಬದಲು ಮೊಣಕೈದು ತೆಗೆದ ಹಾಗಾಯ್ತು. ಅತ್ತೆ ಹೊಟ್ಟೆ ಹಿಡಕೊಂಡು ನಕ್ಕರು.

ಆಮೇಲೆ ನಗು ನಿಲ್ಲಿಸಿ ಕೆಲಸಕ್ಕೆ ಇಳಿದ್ರು. ಅಬ್ಬಬ್ಬಾ, ಆ ನೋಟ! ಒಂದೊಂದನ್ನೂ ಕೈಯಲ್ಲಿ ಹಿಡಿದು ಒತ್ತಿ, ತಿರುಗಿಸಿ, ಉಗುರಲ್ಲಿ ಕೆರೆದು ನೋಡಿದ್ರು. ಕೊನೆಗೆ ಆರಿಸಿದ್ದು ಚಪ್ಪಟೆ ಸ್ಯಾಡಲ್. ಮುಂದಿನ ಜೋಡಿಗೆ ಮೆತ್ತನೆ ಬಟ್ಟೆ, ಹಿಂದಿನ ಜೋಡಿಗೆ ಉರುಳೋ ಗಾಲಿ. ದೋಣಿಯ ಹೊಟ್ಟೆ ಹೇಗಿದ್ದರೆ ಹಾಗೆ ತಾವೇ ವಾಲಿಕೊಳ್ತವೆ. ಅಚ್ಚು ಗಿಚ್ಚು ಏನೂ ಬೇಡ.

ಬರುವಾಗ ಹೇಳಿದ್ರು: "ವಾರ್ಡಲ್ಲಿ ಇಷ್ಟು ವರ್ಷ ನರ್ಸಾಗಿದ್ದೆ. ನನ್ನ ಎರಡರಷ್ಟು ತೂಕದವರನ್ನ ಈ ಮಂಚದಿಂದ ಆ ಮಂಚಕ್ಕೆ ಹಾಕಿದೀನಿ. ಒಬ್ಬರನ್ನೂ ಎತ್ತಿಲ್ಲ. ಜಾರಿಸಬೇಕು ಅಳಿಯಂದ್ರೇ, ಎತ್ತಬಾರದು."

ನಾನು ಯೋಚನೆ ಮಾಡಿದ್ದೆಲ್ಲ ದೋಣಿ ಹೇಗೆ ಕೂರತ್ತೆ ಅಂತ. ಇವರು ಯೋಚನೆ ಮಾಡಿದ್ದು ಹೇಗೆ ಹತ್ತತ್ತೆ ಅಂತ.

ಮಾರ್ಚ್ 15, ಭಾನುವಾರ

ಸ್ಯಾಡಲ್ ಕೂರಿಸಿದೆ. ಸರಳಿನ ನಡುಮಧ್ಯೆ. ಅತ್ತೆ ಬಂದು, "ಬಿಚ್ಚಿ. ಎಡಗಡೆ ಅಂಚಿಗೆ ಹಾಕಿ."

"ನಡುವೆ ಇದ್ರೆ ಸಮ ಇರತ್ತೆ ಅತ್ತೆ. ಹಿಂದಿನಿಂದ ತಾನೇ ಜಾರಿಸೋದು? ಎಡ ಆದ್ರೇನು, ನಡು ಆದ್ರೇನು?"

"ಎಡಗಡೆ."

ಬಿಚ್ಚಿ ಮತ್ತೆ ಹಾಕಿದೆ. ಬೆರಳು ಜಜ್ಜಿಹೋಯ್ತು. ವಯಸ್ಸಾದವರ ಹಟ ಅಂದ್ಕೊಂಡೆ.

ಮಾರ್ಚ್ 22, ಭಾನುವಾರ

ಇಡೀ ವಾರ ಬರೆದಿಲ್ಲ. ಬರೆಯೋಂಥದ್ದು ಏನೂ ಇರಲಿಲ್ಲ — ಬರೀ ಸೋಲು. ದಿನಾ ಬೆಳಿಗ್ಗೆ ಇವಳು ಆಫೀಸಿಗೆ ಹೋದ ಮೇಲೆ ಅತ್ತೆಯ ಅಭ್ಯಾಸ. ಬಚ್ಚಲಿನ ರಬ್ಬರ್ ಚಾಪೆ ಕಾರಿನ ಹಿಂದಿನ ಅಂಚಿಗೆ. ದೋಣಿಯ ಮೂತಿ ಮೊದಲು ಸ್ಟೂಲಿನ ಮೇಲೆ, ಅಲ್ಲಿಂದ ಚಾಪೆ ಮೇಲೆ. ಆಮೇಲೆ ಹಿಂದೆ ಹೋಗಿ ಬಾಲ ಹಿಡಿದು ನೂಕೋದು. ಒಂದು ದಿನ ಚಾಪೆ ಜಾರಿತು. ಇನ್ನೊಂದು ದಿನ ಸ್ಟೂಲು ಮಗುಚಿತು. ಇವತ್ತು ದೋಣಿ ಅಡ್ಡಡ್ಡ ತಿರುಗಿ ಬೀಳೋದ್ರಲ್ಲಿತ್ತು. ಓಡಿಹೋಗಿ ಹಿಡಿದೆ.

"ಕೈ ತೆಗೀರಿ!"

ಅಳಿಯನ ಮುಂದೆ ಯಾವತ್ತೂ ದನಿ ಎತ್ತದ ಹೆಂಗಸು. ಕೈ ತೆಗೆದೆ. ಅವರೇ ನಿಧಾನಕ್ಕೆ ನೆಲಕ್ಕಿಳಿಸಿ, ಪಕ್ಕದಲ್ಲೇ ಕೂತು, ಭುಜ ಹಿಡಕೊಂಡ್ರು. ಕಣ್ಣಲ್ಲಿ ನೀರು.

"ನೀವು ಹಿಡಿದ್ರೆ ಅವಳು ಮಾರಿಬಿಡ್ತಾಳೆ. ನೀರಿನ ಮೇಲೆ ಕೂತಾಗ ಮಾತ್ರ ನಂಗೆ ಯಾರೂ ಹುಷಾರು ಹುಷಾರು ಅನ್ನಲ್ಲ ಅಳಿಯಂದ್ರೇ."

ಇವತ್ತು ಭಾನುವಾರ, ಇವಳು ತರಕಾರಿಗೆ ಹೋದಳು ಅಂದ್ಕೊಂಡಿದ್ವಿ, ಹೋಗಿರಲಿಲ್ಲ. ಮಹಡಿ ಕಿಟಕಿಯಲ್ಲಿ ನಿಂತು ನೋಡ್ತಿದ್ದಳು. ಮೇಲೆ ಹೋದೆ. "ನನ್ನ ಕೈ ಜಾರಿದ್ದು ರೀ" ಅಂದಳು. "ಅಮ್ಮ ಒಂದು ದಿನಾನೂ ಬೈದಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ಪಕ್ಕದಲ್ಲಿ ನಿಂತೆ.

ಮಾರ್ಚ್ 26, ಗುರುವಾರ

ಅತ್ತೆ ಚಾಪೆಗೆ ಎರಡು ಕಿವಿ ಹೊಲಿದಿದಾರೆ. ಕಾರಿನ ಹಿಂದಿನ ಬಾಗಿಲು ಎತ್ತಿ, ಕಿವಿ ಒಳಗೆ ಇಟ್ಟು, ಬಾಗಿಲು ಹಾಕಿದ್ರೆ ಚಾಪೆ ಕದಲಲ್ಲ. ಸ್ಟೂಲಿನ ಬದಲು ಗೋಡೆಗೆ ಒರಗಿಸಿದ್ದ ಅಗಲದ ಬೆಂಚು. ಭಲೇ ಅತ್ತೆ! ನೋಡೋಕೆ ಪುಟ್ಟ ಗುಬ್ಬಿ, ಒಳಗೆ ಇಂಜಿನಿಯರು.

ಮಾರ್ಚ್ 29, ಭಾನುವಾರ, ಬೆಳಿಗ್ಗೆ

ಬರೀಲೇಬೇಕು, ಈಗಲೇ.

ಇವಳು ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದಳು. ಅತ್ತೆ ನಮ್ಮಿಬ್ಬರ ಕಡೆ ನೋಡಲೂ ಇಲ್ಲ. ಮೂತಿ ಬೆಂಚಿಗೆ. ಬೆಂಚಿಂದ ಚಾಪೆಗೆ. ಹಿಂದೆ ಬಂದು ಬಾಲ ಎದೆಮಟ್ಟಕ್ಕೆ ತಂದು, ಒಂದು ಉಸಿರು, ಒಂದು ನೂಕು... ಗಾಲಿ ಕಿರ್ರಂತು. ಕೆಂಪು ದೋಣಿ ಸರ್ರನೆ ಹತ್ತಿ, ಮುಂದಿನ ಬಟ್ಟೆ ಮೇಲೆ ಮಗು ಮಲಗಿದ ಹಾಗೆ ಮಲಗಿತು. ಅತ್ತೆಯ ಕೈ ಒಂದು ಸಲವೂ ಭುಜ ದಾಟಲಿಲ್ಲ! ಕಟ್ಟೋ ಪಟ್ಟಿ ದೋಣಿ ಮೇಲಿಂದ ಎಸೆದು ಬಿಗಿದ್ರು. ಗಾಳಿಗೆ ಗುಂಯ್ ಅನ್ನಬಾರದು ಅಂತ ಪಟ್ಟಿಗೆ ಒಂದು ತಿರುಚು. ಹಿಡಿದು ಅಲ್ಲಾಡಿಸಿದ್ರು. ಕಾರು ಅಲ್ಲಾಡಿತು, ದೋಣಿ ಅಲ್ಲಾಡಲಿಲ್ಲ. ನಾನು ಕಟ್ಟೋ ಒಂದು ಸೆಟ್ಟೂ ಹಾಗೆ ಕೂರಲ್ಲ. ಚಪ್ಪಾಳೆ ತಟ್ಟಿಬಿಟ್ಟೆ, ನಾಚಿಕೆ ಬಿಟ್ಟು.

ಇವಳು ಬರಿಗಾಲಲ್ಲಿ ಇಳಿದು ಬಂದಳು. ಕಾರಿನ ಸುತ್ತ ಹೋದಳು.

"ಅಮ್ಮ, ಎಲ್ಲಾ ಒಂದೇ ಕಡೆಗಿದೆಯಲ್ಲ. ನಡುವೆ ಯಾಕೆ ಹಾಕಿಸಲಿಲ್ಲ?"

"ನಡುವೆ ಹಾಕಿದ್ರೆ ನಿಂದು ಎಲ್ಲಿ ಕೂರತ್ತೆ?"

ಆಗ ನೋಡಿದೆ. ಬಲಗಡೆ ಉಳಿದ ಜಾಗ — ಮಗ್ಗುಲಾಗಿ ಮಲಗೋ ಒಂದು ದೋಣಿಗೆ ಸರಿಯಾಗಿ. ಕೊಕ್ಕೆ ಸ್ಯಾಡಲಿಗೆ. ಡಬ್ಬಿಯಲ್ಲಿ ಮೊದಲ ದಿನದಿಂದ ಕಾಯ್ತಿರೋದಕ್ಕೆ! ಎಂಥಾ ಪೆದ್ದ ನಾನು, ಬೆರಳು ಜಜ್ಜಿಕೊಂಡರೂ ಹೊಳೀಲಿಲ್ಲ.

ಇವಳು ಅಳ್ತಾನೇ ಕೇಳಿದಳು, "ಮತ್ತೆ ನನ್ನ ಕೈಗೆ ದೋಣಿ ಕೊಡ್ತೀಯಾ?"

"ನಿನ್ನದು ನೀನೇ ಎತ್ತಬೇಕಮ್ಮ. ನಂಗೆ ಎತ್ತಬೇಡ ಅಂದಿದಾರಲ್ಲ ಡಾಕ್ಟರು."

ಅತ್ತೆ ನಕ್ಕಿದ್ದು ಎರಡು ಮನೆ ಆಚೆಗೂ ಕೇಳಿಸಿರಬೇಕು.

ಅದೇ ದಿನ, ಸ್ವಲ್ಪ ಹೊತ್ತಾದ ಮೇಲೆ

ಕೊಕ್ಕೆ ಕೂರಿಸಿ, ಬಿಗಿಯೋ ಸ್ಪ್ಯಾನರಿಗೆ ಅಂತ ಮೇಲೆ ಬಂದವನು ಇಲ್ಲೇ ಕೂತೆ. ಕಿಟಕಿಯಿಂದ ಕಾಣ್ತಿದೆ: ಇವಳು ಗ್ಯಾರೇಜಲ್ಲಿ ಹಳದಿ ದೋಣಿಯ ಧೂಳು ಒರೆಸ್ತಿದಾಳೆ, ತನ್ನ ಒಳ್ಳೇ ದುಪಟ್ಟಾದಲ್ಲಿ. ಅತ್ತೆ ಬೆಂಚಿನ ಮೇಲೆ ಕಾಲಾಡಿಸ್ತಾ ಕೂತು ಹುಕುಂ ಮಾಡ್ತಿದಾರೆ. ಕೈ ಒರೆಸ್ಕೋ ಮೊದಲು, ಆಮೇಲೆ ಹಿಡಿ, ಅಂತ. ಅದನ್ನ ಕೇಳಿ ಇವಳೂ ನಗ್ತಿದಾಳೆ.

ಗೇಟಿನ ಸದ್ದು. ಅಯ್ಯೋ, ಕೊಳ್ಳೋರು! ಬೇಡ ಅಂತ ಫೋನ್ ಮಾಡೋದೇ ಮರೆತಿದೀವಿ. ಇವಳು ಕೆಳಗಿಂದ ಕೂಗ್ತಿದಾಳೆ, "ರೀ, ಬನ್ನಿ ಬೇಗ, ನೀವೇ ಹೇಳಿ ಅವರಿಗೆ, ನಮ್ಮ ದೋಣಿ—"